ಟರ್ಬೈನ್ ಕಾರ್ಡಿನ ಹಲ್ಲಿಗೆ ಹತ್ತಿದ ಕೆಂಪು

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಭಾಲ್ಕಿಯಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಗಣಿತದ ಮಾಸ್ತರರು ಹಲಗೆಯ ಮೇಲೊಂದು ಲೆಕ್ಕ ಬರೆದು, ಇದನ್ನು ಬಿಡಿಸದೆ ಯಾರೂ ಮನೆಗೆ ಹೋಗಬಾರದು ಎಂದಿದ್ದರು. ನಾನು ಬಿಡಿಸದೆ ಹೋದೆ, ಮರುದಿನ ಬರಲಿಲ್ಲ. ಪುಸ್ತಕಗಳು ತಂಗಿಗೆ ಹೋದವು, ಚೀಲ ಅವ್ವನ ಕಾಳುಕಡಿಗೆ ಹೋಯಿತು, ಅಳಿಸುವ ರಬ್ಬರೊಂದು ನನಗೆ ಉಳಿಯಿತು. ಅದು ಸವೆದು ಎಷ್ಟೋ ವರ್ಷವಾಯಿತು, ಆದರೆ ಅಂದಿನಿಂದ ನನ್ನ ಜೇಬು ರಬ್ಬರಿಲ್ಲದೆ ಇದ್ದದ್ದಿಲ್ಲ. ಓದಿದವರು ತಮ್ಮ ತಪ್ಪು ಅಳಿಸಲು ಬಳಸುವ ವಸ್ತುವಿನಿಂದ ನಾನು ಸಂಸಾರ ನಡೆಸಿದ್ದೇನೆ.

ಹೇಗೆಂದು ಹೇಳುತ್ತೇನೆ. ಬೀದರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ರೇಡಿಯೊದಿಂದ ಶುರುಮಾಡಿ, ಟಿವಿ ದಾಟಿ, ಈಗ ಕಾರ್ಖಾನೆಗಳ ಹಳೆಯ ಕಾರ್ಡುಗಳಿಗೆ ಬಂದು ನಿಂತಿದ್ದೇನೆ. ಭಾಲ್ಕಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಉಗಿಯಿಂದ ತಿರುಗಿ ಕರೆಂಟು ಮಾಡುವ ಟರ್ಬೈನ್ ಇದೆ. ಎಷ್ಟು ಉಗಿ ಕುಡಿಯಬೇಕು, ಯಾವಾಗ ನಿಲ್ಲಬೇಕು ಎಂದು ಅದಕ್ಕೆ ಹೇಳುವುದು ಅಂಗೈ ಎರಡರಷ್ಟಿರುವ ಒಂದು ಪ್ರೊಸೆಸರ್ ಕಾರ್ಡು. ಅದನ್ನು ಮಾಡಿದ ಕಂಪನಿ ಹಾಗೊಂದು ಕಾರ್ಡು ಮಾಡಿದ್ದನ್ನೇ ಮರೆತಿದೆ. ಕಾರ್ಡಿನ ಒಂದು ಅಂಚಿಗೆ ಬಂಗಾರದ ನೀರು ಕೊಟ್ಟ ಸಾಲು ಹಲ್ಲುಗಳಿವೆ. ಅವು ಟರ್ಬೈನಿನ ಕಂಟ್ರೋಲು ಪೆಟ್ಟಿಗೆಯೊಳಗೆ ಕಚ್ಚಿಕೊಂಡರೆ ಟರ್ಬೈನ್ ಬದುಕುತ್ತದೆ. ವರ್ಷಕ್ಕೊಮ್ಮೆ, ಕಬ್ಬು ಅರೆಯುವ ಹಂಗಾಮಿಗೆ ಮುಂಚೆ, ಕಾರ್ಡು ನನ್ನ ಅಂಗಡಿಗೆ ಬರುತ್ತದೆ. ನಾನು ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಕಳಿಸುತ್ತೇನೆ. ಇಷ್ಟೇ ವಿದ್ಯೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈ ಸಲ ದಸರೆಯಾದ ಮೇಲೆ ಬಾಯ್ಲರಿಗೆ ಬೆಂಕಿ ಹಾಕಿದರು, ಟರ್ಬೈನ್ ಎದ್ದಿತು, ವೇಗ ಹಿಡಿಯುವಷ್ಟರಲ್ಲಿ ಟ್ರಿಪ್ ಆಗಿ ತಾನೇ ನಿಂತಿತು. ಆರು ಸಲ ಎಬ್ಬಿಸಿದರೆ ಆರು ಸಲವೂ ಅಷ್ಟೇ. ಪುಣೆಯಿಂದ ಬಂದ ಎಂಜಿನಿಯರು ಕಾರ್ಡು ಸತ್ತಿದೆ, ಪೂರ್ತಿ ಹೊಸ ಕಂಟ್ರೋಲು ಹಾಕಬೇಕು, ನಾಲ್ಕು ತಿಂಗಳು ಹಿಡಿಯುತ್ತದೆ ಎಂದರು. ಹಂಗಾಮಿಗೆ ಎಂಟು ದಿನ ಉಳಿದಿತ್ತು. ಆಗ ನನಗೆ ಫೋನು ಬಂತು. ದಾರಿಯಲ್ಲಿ ಹಲಬರ್ಗಾ ದಾಟುವ ಹೊತ್ತಿಗೆ, ಕಾರ್ಖಾನೆಯವರ ಮುಂದೆ ಏನು ಮಾತಾಡಬೇಕೆಂದು ಬೈಕಿನ ಮೇಲೆಯೇ ಎರಡು ಸಲ ಅಭ್ಯಾಸ ಮಾಡಿದ್ದೆ.

ಎಂಜಿನಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮ್ಮದು ಏನು ಓದಾಗಿದೆ ಎಂದು ವಿಚಾರಿಸಿದರು. ಮೊಹರು ಬಿದ್ದ ಒಂದು ಕಾಗದವೂ ನನ್ನ ಹತ್ತಿರ ಇಲ್ಲ. ಕಾರ್ಡನ್ನು ಎಳೆದು ಭೂತಗನ್ನಡಿ ಹಿಡಿದೆ. ನಡುವಿನ ನಾಲ್ಕು ಹಲ್ಲುಗಳ ಮೇಲೆ ಕೆಂಪು. ಒದ್ದೆ ಕುಂಕುಮ ಹತ್ತಿ ಒಣಗಿತ್ತು. ಹಲ್ಲು ಹೊಲಸಾದರೆ ಕಚ್ಚುವುದೆಲ್ಲಿ?

ಆಮೇಲೆ ನಾನು ಮಾತಾಡಿದೆ. ಭಕ್ತಿ ಬೇರೆ, ಯಂತ್ರ ಬೇರೆ ಎಂದೆ. ದಸರೆಯಲ್ಲಿ ಖಂಡೆ ಪೂಜೆಯೆಂದು ಸಾಮಾನು ಪೂಜಿಸುವ ದಿನ ಪೆಟ್ಟಿಗೆಯ ಬಾಗಿಲಿಗೆ ಏನು ಬೇಕಾದರೂ ಹಚ್ಚಿರಿ, ಒಳಗಿನ ಕಾರ್ಡಿಗೆ ಹಚ್ಚುವವನಿಗೆ ಬುದ್ಧಿ ಎಷ್ಟಿರಬೇಕು ಎಂದೆ. ಒಂಬತ್ತನೇ ತರಗತಿ ಪೂರ್ತಿ ಮಾಡದವನಿಗೂ ಇದು ಗೊತ್ತಾಗುತ್ತದೆ ಎಂದೆ. ಎಂಜಿನಿಯರು ತಲೆಯಾಡಿಸಿದರು. ಮಾತು ಇನ್ನಷ್ಟು ಉದ್ದವಾಯಿತು.

ಟರ್ಬೈನಿನ ಆಪರೇಟರ್ ವೈಜಿನಾಥ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿದ. ಇಪ್ಪತ್ತೆರಡು ವರ್ಷದಿಂದ ಅಲ್ಲಿಯ ಪೂಜೆ ಮಾಡುವವನು ಅವನೇ. ಕಾರ್ಖಾನೆಯ ಮ್ಯಾನೇಜರರು ಅವನಿಗೆ ಅಲ್ಲಿಯೇ ತೀರ್ಪು ಹೇಳಿದರು: ಇವತ್ತೇ ಮೆಮೊ, ನಾಳೆಯಿಂದ ಟರ್ಬೈನ್ ಬಿಟ್ಟು ಔರಾದ್ ಕಡೆ ಕಬ್ಬಿನ ಹೊಲ ನೋಡಿಕೊಂಡಿರಬೇಕು. ಅವರು ಮೆಮೊ ಬರೆಸಲು ಆಫೀಸಿಗೆ ಹೋದರು, ಎಂಜಿನಿಯರು ಚಹಾಕ್ಕೆ ಹೋದರು. ನಾನು ರಬ್ಬರು ತೆಗೆದು ಹಲ್ಲು ತಿಕ್ಕಿ ಕಾರ್ಡು ಕೂಡಿಸಿದೆ. ಟರ್ಬೈನ್ ಎದ್ದಿತು, ಎದ್ದೇ ಇತ್ತು. ವೈಜಿನಾಥ ಅದರ ಸದ್ದನ್ನು, ಊರಿಗೆ ಹೊರಟವನು ಮನೆಮಂದಿಯ ಮಾತು ಕೇಳುವಂತೆ ಕೇಳುತ್ತಿದ್ದ. ಆಮೇಲೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ಅದರ ಮೇಲೆ ಬೆರಳಿಟ್ಟ. ಅಲ್ಲಿ ಹಚ್ಚಿದ್ದು ಹಳದಿಯಾಗಿತ್ತು.

"ಉಸ್ತಾದ್, ನಾವು ಮೈಲಾರ ಮಲ್ಲಣ್ಣನ ಮಂದಿ ಅದೇವ್ರಿ. ಮಷೀನಿಗಿ ಭಂಡಾರ ಹಚ್ಚತೇವ್ರಿ, ಬರೇ ಅರಿಶಿಣ. ಕುಂಕುಮ ಹಚ್ಚಂಗಿಲ್ರಿ."

ಆ ಕ್ಷಣಕ್ಕೆ ನನ್ನ ಅಂಗಡಿ ಕಣ್ಣಮುಂದೆ ಬಂತು. ಖಂಡೆ ಪೂಜೆಯ ದಿನ ಕಾರ್ಡು ಇನ್ನೂ ನನ್ನ ಹತ್ತಿರವೇ ಇತ್ತು; ಭಾಷಣದ ಭರದಲ್ಲಿ ಅದನ್ನೇ ಮರೆತಿದ್ದೆ. ಪೂಜೆಗೆ ಸಾಮಾನುಗಳನ್ನು ಸಾಲಾಗಿ ಇಟ್ಟಿದ್ದೆ. ತಿಕ್ಕಿ ಮುಗಿಸಿದ ಕಾರ್ಡು, ಹಲ್ಲು ಮೇಲೆ ಮಾಡಿಕೊಂಡು, ಗೋಡೆಗೆ ಒರಗಿ ಅದೇ ಸಾಲಿನಲ್ಲಿತ್ತು. ಇಕ್ಕಳಕ್ಕೆ ಒದ್ದೆ ಕುಂಕುಮ ಹಚ್ಚಿದೆ, ಸ್ಕ್ರೂಡ್ರೈವರಿಗೆ ಹಚ್ಚಿದೆ, ಬೆರಳಿಗೆ ಅಭ್ಯಾಸ ಬಿದ್ದಿತ್ತು. ಮರುದಿನ ನೋಡದೆ ಕವರಿಗೆ ಹಾಕಿ ಕಳಿಸಿದ್ದೆ. ಬುದ್ಧಿ ಎಷ್ಟಿರಬೇಕು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

"ಮತ್ತ ಅಷ್ಟೊತ್ತು ಯಾಕ ಸುಮ್ನಿದ್ದಿ?" ಎಂದೆ.

"ನೀವು ಭಾಷಣ ಮಾಡ್ಲತ್ತಿದ್ರಿ. ನಡುವ ಹ್ಯಾಂಗ ಬಾಯಿ ಹಾಕ್ಲಿರಿ?"

ಅವನು ಅಷ್ಟು ಹೇಳಿ ಮೀಟರು ನೋಡತೊಡಗಿದ. ಉಳಿದದ್ದು ನನಗೆ ಬಿಟ್ಟಿದ್ದು. ಸುಳ್ಳು ಹೇಳಬಾರದು, ಬೈಕಿನ ತನಕ ಹೋದೆ, ಕೀಲಿಯನ್ನೂ ಹಾಕಿದೆ. ಅಲ್ಲಿಗೂ ಟರ್ಬೈನಿನ ಸದ್ದು ಕೇಳುತ್ತಿತ್ತು. ಲೆಕ್ಕ ಬಿಡಿಸದೆ ಒಂದು ಸಲ ಮನೆಗೆ ಹೋದವನು ನಾನು. ಕೀಲಿ ತೆಗೆದು ಆಫೀಸಿಗೆ ನಡೆದೆ.

ಮೆಮೊ ಟೈಪಾಗಿತ್ತು, ಸಹಿಯೊಂದು ಬಾಕಿ. ಕುಂಕುಮ ನನ್ನದು ಎಂದೆ. ಅಲ್ಲಿಯೇ ಚಹಾ ಕುಡಿಯುತ್ತಿದ್ದ ಎಂಜಿನಿಯರು ಕಪ್ಪು ಕೆಳಗಿಟ್ಟರು. ಮ್ಯಾನೇಜರರು ಮೆಮೊ ಕೈಗೆತ್ತಿಕೊಂಡು, "ಟೈಪ್ ಆದ ಮೆಮೊ ಸುಮ್ನ ಹೋಗಬಾರದ್ರಿ ಉಸ್ತಾದ್‌ರ, ಹೆಸರು ಬದಲ್ ಮಾಡಸ್ಲೇನು?" ಎಂದರು.

"ಮಾಡಸ್ರಿ," ಎಂದೆ.

ಗುಮಾಸ್ತರು ವಿವರವನ್ನೂ ಸೇರಿಸಿ ಮೊಹರು ಒತ್ತಿದರು: ಟರ್ಬೈನ್ ಪ್ರೊಸೆಸರ್ ಕಾರ್ಡುಗಳ ನುರಿತ ತಜ್ಞರಾದ ತಾವು ಪೂಜೆಯ ಕಾಲದಲ್ಲಿ ನಿರ್ಲಕ್ಷ್ಯ ತೋರಿರುತ್ತೀರಿ. ಮನೆಗೆ ತಂದು ಹೆಂಡತಿಗೆ ಓದಿ ಹೇಳಿದೆ. ಅವಳು ನುರಿತ ತಜ್ಞರು ಎಂಬಲ್ಲಿಯ ತನಕ ಕೇಳಿಸಿಕೊಂಡು, ಚೌಕಟ್ಟು ಹಾಕಿಸಿ ತೂಗಹಾಕಬೇಕೆಂದು ಮೊಳೆ ಹುಡುಕಿದಳು. ಅಂಗಡಿಯ ಗೋಡೆಯ ಮೇಲೆ ಈಗ ಅದು ಇದೆ, ಸ್ವಲ್ಪ ಎತ್ತರದಲ್ಲಿ, ಮೊದಲ ಸಾಲು ಮಾತ್ರ ಓದಲು ಬರುವಷ್ಟು. ವೈಜಿನಾಥ ಟರ್ಬೈನಿನ ಹತ್ತಿರವೇ ಇದ್ದಾನೆ.

ಇವತ್ತಿಗೆ ನನ್ನ ಬಳಿ ಇರುವುದು: ಅಂಗಡಿ ಒಂದು, ಸೋಲ್ಡರಿಂಗ್ ಐರನ್ ಎರಡು, ಭೂತಗನ್ನಡಿ ಒಂದು, ಸತ್ತ ಕಾರ್ಡು ಹದಿನಾಲ್ಕು, ರಬ್ಬರು ಮುಕ್ಕಾಲು, ಮೊಹರು ಬಿದ್ದ ಕಾಗದ ಒಂದು.