ನಿಂಬೆ ಗಿಡಕ್ಕೆ ಚಹಾ ಚೆಲ್ಲಿದವರು

ಗೊತ್ತಿಲ್ಲದ ವಿಷಯದಲ್ಲಿ ಮನುಷ್ಯನಿಗಿರುವ ಧೈರ್ಯ ಗೊತ್ತಿರುವ ವಿಷಯದಲ್ಲಿ ಇರುವುದಿಲ್ಲ. ಉಮರ್ಗಾದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರೂ, ಬಣ್ಣ ಹೋಗುವುದಿಲ್ಲವೆಂದು ನಾನು ಯಾವ ಸೀರೆಯ ಪರವಾಗಿಯೂ ಎದೆ ತಟ್ಟಿ ಹೇಳಿದವನಲ್ಲ. ಗಿಡಗಳ ವಿಷಯ ಬಂದರೆ ಮಾತ್ರ ನನ್ನ ನಾಲಿಗೆಗೆ ಲಗಾಮಿಲ್ಲ.

ನಮ್ಮ ಮಾಳಿಗೆಯ ಮೇಲೆ ಡ್ರಮ್ಮಿನಲ್ಲೊಂದು ನಿಂಬೆ ಗಿಡವಿದೆ. ಹೆಂಡತಿ ಮಹಾದೇವಿ ನಿಲಂಗಾದ ತವರಿನಿಂದ ತಂದು, ನನಗಿಂತ ಹೆಚ್ಚು ಅಕ್ಕರೆಯಿಂದ ಸಾಕಿದ ಗಿಡ. ಈ ಬೇಸಿಗೆಯಲ್ಲಿ ಅದರ ಎಲೆಗಳು ಹಳದಿಯಾಗಿ ಉದುರತೊಡಗಿದವು. ಉಳಿದವನ್ನು ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟು, ಮೇಲೆ ಮಸಿ ಬಳಿದಂತೆ ಕಪ್ಪು, ಕೊಂಬೆಯ ತುಂಬ ಇರುವೆಗಳ ಸಾಲು. ಪಕ್ಕದ ಮನೆಯ ಗಂಗಾಬಾಯಿ ದಿನಾ ಸಂಜೆ ಎರಡು ಮಾಳಿಗೆಗಳ ನಡುವಿನ ಗೋಡೆಗೆ ಒರಗಿ ಚಹಾ ಕುಡಿಯುತ್ತಾರೆ. ಅವರ ಚಹಾಕ್ಕೆ ಸಕ್ಕರೆ ಬಹಳ. ನನಗೆ ಇನ್ನೇನು ಸಾಕ್ಷಿ ಬೇಕು?

“ಬಾಯೀ, ಉಳದ ಚಹಾ ನಮ್ಮ ಗಿಡಕ್ಕ ಚೆಲ್ಲಬ್ಯಾಡ್ರಿ” ಎಂದೆ.

“ಅಯ್ಯ ಅಣ್ಣಾರ, ನಾ ಕಪ್ಪಿನ್ಯಾಗ ಚಹಾ ಉಳಸೋ ಮನಷ್ಯಾಳೇನ್ರೀ?” ಎಂದವರೇ ದಡದಡ ಕೆಳಗಿಳಿದುಹೋದರು.

ಅಂದಿನಿಂದ ಗೋಡೆಯಾಚೆಯಿಂದ ಬರುತ್ತಿದ್ದ ಬಿಸಿ ಭಜಿಯ ತಟ್ಟೆ ನಿಂತಿತು. ಮಹಾದೇವಿಯ ಮಾತೂ ನಿಂತಿತು. ನಿಲ್ಲುವ ಮೊದಲು, “ಕಷ್ಟ ಅಂದ್ರ ಮೊದ್ಲ ಓಡಿ ಬರಾಕಿ ಆಕಿ. ಆಕಿಗೇ ಹಿಂಗ ಅಂದ್ರೇನು?” ಎಂದಿದ್ದಳು. ಭಜಿ, ಮಾತು ಎರಡೂ ಇಲ್ಲದ ಮನೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಡೆಗೆ ಗಂಗಾಬಾಯಿಗೇ ಗಿಡದ ಮೇಲೆ ಕನಿಕರ ಬಂತು. ಒಂದು ಬೆಳಿಗ್ಗೆ ತಾವಾಗಿಯೇ ಬಂದು, ಕೊಂಬೆಯ ಮೇಲಿದ್ದ ಒಂದು ಕಂದು ಗುಬುಟನ್ನು ತೋರಿಸಿ, “ಇದು ಏನಂತ ತಿಳದೀರಿ?” ಎಂದರು.

“ಗಿಡದ ಗಂಟು.”

ಅವರು ಉಗುರಿನಿಂದ ಮೀಟಿದರು. ಗಂಟು ಪುಟ್ಟ ಚಿಪ್ಪಿನಂತೆ ಕಳಚಿ ಬಿತ್ತು, ಉಗುರು ಒದ್ದೆಯಾಯಿತು. “ಹುಳ ಅದ್ರೀ!”

“ಹುಳ ಅಂದ್ರ ಕಾಲು ಎಲ್ಲಿ ಅದಾವ?”

“ಮರಿ ಇದ್ದಾಗ ಓಡಾಡ್ತಾವ. ಆಮ್ಯಾಲ ಒಂದು ಜಾಗಾ ಹಿಡದು, ಮ್ಯಾಲ ಚಿಪ್ಪು ಹೊಚ್ಗೊಂಡು ರಸಾ ಹೀರ್ಕೋತ ಕೂಡ್ತಾವ. ಅವು ಬಿಡೋ ಸಿಹಿ ನೀರಿಗೇ ಇರಬಿ ಬರ್ತಾವ, ಕಪ್ಪು ಬೂಷ್ಟು ಹಿಡೀತದ. ನೀವು ಚಹಾ ಅಂದದ್ದು ಅದಕ್ಕೇ!”

ಮೂವರೂ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸಾಬೂನು ನೀರಿನಲ್ಲಿ ಅದ್ದಿ ಕೊಂಬೆಗಳನ್ನು ಮೆಲ್ಲಗೆ ಉಜ್ಜಿದೆವು. ಆಮೇಲೆ ವಾರವಾರವೂ ಬೇವಿನೆಣ್ಣೆ ಬೆರೆಸಿದ ನೀರು ಸಿಂಪಡಿಸಿದೆವು. ಮಳೆಗಾಲದ ಹೊತ್ತಿಗೆ ಗಿಡ ಚಿಗುರಿತು. ಗಂಗಾಬಾಯಿ ನಮ್ಮಲ್ಲೇ ಚಹಾ ಕುಡಿದು, ಕಪ್ಪನ್ನು ನನ್ನೆದುರು ಬೋರಲು ಹಾಕಿ, “ನೋಡ್ರಿ ಅಣ್ಣಾರ, ಹನಿ ಉಳದಿಲ್ಲ” ಎಂದರು. ಮಹಾದೇವಿ ನಕ್ಕಳು, ನನ್ನೊಡನೆಯೂ ಮಾತಾಡಿದಳು.

ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಹೊಸದಾಗಿ ಬಂದ ವಿದ್ಯೆ ಉಗುರಿನ ತುದಿಯಲ್ಲಿ ಕೂತಿತ್ತು. ಉದಗೀರದ ನಾದಿನಿಯ ಮನೆಗೆ ಹೋದಾಗ, ಆಕೆ ಕುಂಡದಲ್ಲಿ ಊರಿದ್ದ ಗುಲಾಬಿ ಕಡ್ಡಿಯ ಮೇಲೆ ಸಣ್ಣ ಉಬ್ಬುಗಳು ಕಂಡವು. ಯಾರನ್ನೂ ಕೇಳದೆ ಒಂದೊಂದನ್ನೇ ಮೀಟಿ, ಕಡ್ಡಿಯನ್ನು ನುಣ್ಣಗೆ ಮಾಡಿ, “ಹುಳ ಹತ್ತಿತ್ತು, ತಗದೀನಿ” ಎಂದು ಶಾಭಾಷ್‌ಗಿರಿಗೆ ಕಾದು ನಿಂತೆ.

ಭಾವನಾದ ನನ್ನನ್ನು ದಾಜಿ ಎಂದು ಕರೆಯುವ ನಾದಿನಿ ಓಡಿ ಬಂದಳು. “ದಾಜೀ, ಅವು ಹುಳ ಅಲ್ರೀ! ಚಿಗುರೊಡಿಯೋ ಕಣ್ಣು!”

ಮಹಾದೇವಿ ತಂಗಿಯ ಬೆನ್ನು ಸವರಿ ಸಮಾಧಾನ ಹೇಳಿದಳು: “ಹೋಗ್ಲಿ ಬಿಡವ್ವಾ. ತಮಗಿಲ್ಲದ ಕಣ್ಣು ಕಡ್ಡಿಗಾದ್ರೂ ಯಾಕಿರಬೇಕಂತ ತಗದಾರ.”