ಅರಗಿನ ಮುದ್ರೆಯ ಫ್ಲಾಪಿ

ಕಂಪ್ಯೂಟರಿಗೆ ಬೆನ್ನು ಮಾಡಿ ಕೂಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಹಿರಿಯರ ಮುಂದೆ ಕಾಲು ಚಾಚಬಾರದು, ದೇವರಿಗೆ ಬೆನ್ನು ಮಾಡಬಾರದು ಎಂದು ಕಲಿಸಿದ ನನ್ನ ಅವ್ವ ಕಂಪ್ಯೂಟರನ್ನು ಆ ಸಾಲಿಗೆ ಸೇರಿಸಿರಲಿಲ್ಲ, ನಾನೇ ಸೇರಿಸಿಕೊಂಡೆ. ಜನ ನಗುತ್ತಾರೆ. ನಗಲಿ. ನನಗಾದದ್ದು ಅವರಿಗೆ ಆಗಿದ್ದರೆ ಅವರೂ ಸ್ವಲ್ಪ ನೆಟ್ಟಗೆ ಕೂಡುತ್ತಿದ್ದರು.

ಜಮಖಂಡಿಯಲ್ಲಿ ಒಬ್ಬ ಖಾಸಗಿ ಇಂಜಿನಿಯರರ ಕಚೇರಿಯಲ್ಲಿ ನಾನು ಹದಿನೆಂಟು ವರ್ಷ ನಕಾಶೆ ತೆಗೆಯುವ ಕೆಲಸ ಮಾಡಿದವಳು. ಟ್ರೇಸಿಂಗ್ ಕಾಗದ, ಕರಿ ಶಾಯಿ, ಉದ್ದನೆಯ ಪಟ್ಟಿ, ಇಷ್ಟೇ ನನ್ನ ಆಸ್ತಿ. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಕೆರೆಯಬೇಕು. ಹೆಚ್ಚು ಕೆರೆದರೆ ಕಾಗದಕ್ಕೆ ತೂತು. ಒಮ್ಮೆ ಮುಧೋಳದ ಸಾಹುಕಾರರೊಬ್ಬರ ಮನೆಯ ನಕಾಶೆಯಲ್ಲಿ ದೇವರ ಕೋಣೆಗೇ ತೂತು ಬಿತ್ತು. ಅದು ಕಿಟಕಿ ಎಂದು ಹೇಳಿ ಪಾರಾದೆ. ಅವರು ಅಲ್ಲಿ ಕಿಟಕಿ ಇಡಿಸಿಯೇಬಿಟ್ಟರು, ಗಾಳಿ ಛಲೋ ಬರುತ್ತದಂತೆ.

ಹೀಗೆ ತೂತು ಬೀಳಿಸುತ್ತ ನಿವೃತ್ತಳಾಗುವ ಹೊತ್ತಿಗೆ ನಮ್ಮ ಸಾಹೇಬರು ಕಂಪ್ಯೂಟರ್ ತರಿಸಿದರು. ಬೀಳಗಿ ಕಡೆಯ ಒಂದು ಹಳ್ಳಿ ಹಿನ್ನೀರಿನಲ್ಲಿ ಮುಳುಗುವುದಿತ್ತು. ಆ ಜನರಿಗೆ ಮೇಲಿನ ಬಯಲಿನಲ್ಲಿ ಹೊಸ ಊರು. ಅದರ ನಕಾಶೆ ನಮ್ಮ ಪಾಲಿಗೆ ಬಂದಿತ್ತು. ಹುಬ್ಬಳ್ಳಿಗೆ ಕಳಿಸಿ ನನಗೆ ಎಂಟು ದಿನ ತರಬೇತಿ ಕೊಡಿಸಿದರು. ಮೊದಲ ದಿನ ಅಲ್ಲಿಯವನು ಒಂದು ಗೆರೆ ಎಳೆದು, ಅಳಿಸಿ ತೋರಿಸಿದ. ಗೆರೆ ಇದ್ದ ಜಾಗದಲ್ಲಿ ಗಾಯವೂ ಇಲ್ಲ, ಕಲೆಯೂ ಇಲ್ಲ! ನಾನು ಪರದೆಯನ್ನು ಬೆರಳಿನಿಂದ ಸವರಿ ನೋಡಿದೆ. ಆಮೇಲೆ ಅವನು ಒಂದು ಊರಿನ ನಕಾಶೆ ತೆರೆದ. ಇಡೀ ಊರು ಅಂಗೈಯಗಲ ಕಂಡಿತು. ಒಂದು ಗುಂಡಿ ಒತ್ತಿದ, ಓಣಿ ಬಂತು. ಇನ್ನೊಮ್ಮೆ ಒತ್ತಿದ, ಒಂದು ಮನೆ. ಮತ್ತೊಮ್ಮೆ ಒತ್ತಿದ, ಮನೆಯ ಮೂಲೆಗಲ್ಲು. ಹದ್ದಿಗೂ ಇಷ್ಟು ಬೇಗ ಇಳಿಯಲು ಬರುವುದಿಲ್ಲ.

ತರಬೇತಿಯಲ್ಲಿ ಎರಡು ಮಾತು ಒತ್ತಿ ಹೇಳಿದ್ದರು. ವಾರಕ್ಕೊಮ್ಮೆ ಫ್ಲಾಪಿಗೆ ನಕಲು ತೆಗೆದಿಡಬೇಕು. ಯಂತ್ರದಲ್ಲಿ ಕಸ ತುಂಬದಂತೆ ನೋಡಿಕೊಳ್ಳಬೇಕು. ಎರಡನ್ನೂ ನಾನು ಶನಿವಾರದ ವ್ರತ ಮಾಡಿಕೊಂಡೆ. ಸಂಜೆ ನಕಲು ತೆಗೆದು ನಮ್ಮ ಹೆಡ್‌ಕ್ಲಾರ್ಕ್ ನಿಡೋಣಿಯವರ ಕೈಗೆ ಕೊಡುತ್ತಿದ್ದೆ. ಅವರು ಸರಕಾರಿ ನೌಕರಿಯಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು, ಕರಿ ಟೊಪ್ಪಿಗೆಯ ಶಿಸ್ತಿನ ಮನುಷ್ಯ. "ಜೋಪಾನ ಇಡ್ರಿ" ಎಂದರೆ ಸಾಕು, ಕಬ್ಬಿಣದ ಕಪಾಟಿಗೆ ಎರಡು ಕೀಲಿ ಜಡಿಯುತ್ತಿದ್ದರು. ಆಮೇಲೆ ನಾನು ಕಸ ಗುಡಿಸುತ್ತಿದ್ದೆ. ನಾನು ಇಟ್ಟ ಹೆಸರುಗಳನ್ನೇ ಇಟ್ಟುಕೊಂಡು, ಬಾಲಕ್ಕೆ ಬಿ.ಎ.ಕೆ. ಎಂದು ಅಂಟಿಸಿಕೊಂಡ ಕೆಲವು ಕಡತಗಳು ತಾವಾಗಿಯೇ ಹುಟ್ಟುತ್ತಿದ್ದವು. ನಾನು ಹುಟ್ಟಿಸಿದವಲ್ಲ, ಅಂದಮೇಲೆ ಕಸವೇ. ಎಲ್ಲವನ್ನೂ ಅಳಿಸಿ, ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದೆ.

ನಕಾಶೆ ಮುಗಿಯಿತು. ಸೋಮವಾರ ಅದನ್ನು ಹಳ್ಳಿಯ ಸಾಲೆಯಲ್ಲಿ ತೂಗುಹಾಕುವುದಿತ್ತು. ಯಾರಿಗಾದರೂ ಪ್ಲಾಟು ಬದಲಿ ಬೇಕಿದ್ದರೆ ಶನಿವಾರ ಮಧ್ಯಾಹ್ನದೊಳಗೆ ಬಂದು ಹೇಳಬೇಕೆಂದು ಸಾಹೇಬರು ಡಂಗುರ ಸಾರಿಸಿದ್ದರು. ಆ ಶನಿವಾರ ಬೆಳಿಗ್ಗೆ ಈರಪ್ಪ ಎಂಬ ರೈತ ಬಂದ. ನಲವತ್ತೊಂದನೆಯ ಪ್ಲಾಟು ಅವನದು.

"ಬಾಯಾರ, ಬಾಜೂದ ನಲವತ್ತೆರಡು ನನ್ನ ತಮ್ಮ ಮಲ್ಲಪ್ಪಂದು ಬಂದೈತ್ರಿ. ಅವನ್ನ ದೂರ ಹಾಕ್ರಿ. ಒಂಬತ್ತು ವರ್ಷ ಆತು, ನಮ್ಮಿಬ್ಬರಿಗೂ ಮಾತಿಲ್ಲ. ನಾ ಹೇಳೀನಿ ಅಂತ ಮಾತ್ರ ಅವಗ ಗೊತ್ತಾಗಬಾರದ್ರಿ."

ಅವನು ಹೋಗಿ ಒಂದು ತಾಸಿಗೆ ಮಲ್ಲಪ್ಪ ಬಂದ. "ನನ್ನ ಪ್ಲಾಟು ಎಲ್ಲ್ಯರ ಒಗೀರಿ ಬಾಯಾರ, ಅಣ್ಣನ ಬಾಜೂಕ ಬ್ಯಾಡ. ನಾ ಹೇಳೀನಿ ಅಂತ ಅವಗ ಗೊತ್ತಾಗಬಾರದ್ರಿ."

ಜಗಳವಾಡಿದ ಅಣ್ಣ ತಮ್ಮಂದಿರಲ್ಲಿ ಇಷ್ಟು ಒಮ್ಮತವನ್ನು ನಾನು ಕಂಡಿರಲಿಲ್ಲ. ಮಲ್ಲಪ್ಪನ ಹೆಸರನ್ನು ಎತ್ತಿ ಊರಿನ ಆ ತುದಿಯ ನೂರಾ ಹದಿನೇಳಕ್ಕೆ ಇಟ್ಟೆ. ಅಲ್ಲಿದ್ದವರನ್ನು ನಲವತ್ತೆರಡಕ್ಕೆ ತಂದೆ. ಸೇವ್ ಒತ್ತಿದೆ. ಆ ಕ್ಷಣಕ್ಕೇ ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕುಂಯ್‌ಗುಟ್ಟಿ ಕಣ್ಣು ಮುಚ್ಚಿತು.

ಕರೆಂಟ್ ಬಂದ ಮೇಲೆ ನಕಾಶೆ ತೆರೆಯಲಿಲ್ಲ. ಹತ್ತು ಸಲ ಒತ್ತಿದೆ. ಹತ್ತು ಸಲವೂ ಕಡತ ಕೆಟ್ಟಿದೆ ಎಂದು ಅದು ಇಂಗ್ಲಿಷಿನಲ್ಲಿ ಸಭ್ಯವಾಗಿ ತಿಳಿಸಿತು. ನಾಲ್ಕು ತಿಂಗಳ ಕೆಲಸ, ಇನ್ನೂರು ಮನೆಗಳ ಊರು. ಹಳೆಯ ಊರು ನೀರಿಗೆ ಹೋಗುವುದು ಗೊತ್ತಿತ್ತು. ಹೊಸದು ಅದಕ್ಕಿಂತ ಮೊದಲೇ ನನ್ನ ಕೈಯಲ್ಲಿ ಮುಳುಗಿತ್ತು.

"ಹೆದರಬ್ಯಾಡ್ರಿ, ನಾ ಇಲ್ಲೇನ್ರಿ?" ಎಂದು ನಿಡೋಣಿಯವರು ಕಪಾಟು ತೆರೆದರು. ಪ್ರತಿಯೊಂದು ಫ್ಲಾಪಿಯೂ ಅರಿವೆಯ ಲಕೋಟೆಯಲ್ಲಿತ್ತು. ಪ್ರತಿ ಲಕೋಟೆಯ ಮೇಲೂ ಕೆಂಪು ಅರಗನ್ನು ಕಾಯಿಸಿ ಸುರಿದು, ಹಿತ್ತಾಳೆಯ ಠಸ್ಸೆಯಿಂದ ಒತ್ತಿದ ಮುದ್ರೆಗಳಿದ್ದವು. "ಐದೈದು ಮುದ್ರಿ ಹಾಕೀನಿ. ನೋಡ್ರಿ, ಒಂದರ ಒಡದೈತೇನು?" ಎಂದರು ಹೆಮ್ಮೆಯಿಂದ. ಮುದ್ರೆ ಒಂದೂ ಒಡೆದಿರಲಿಲ್ಲ. ಒಳಗಿನ ಫ್ಲಾಪಿಗಳು ಮಾತ್ರ ಅರಗಿನ ಕಾವಿಗೆ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿದ್ದವು. ಒಂದಾದ ಮೇಲೊಂದು ಹಾಕಿದೆ. ಯಂತ್ರ ಗರಗರ ಹಲ್ಲು ಕಡಿದು ಎಲ್ಲವನ್ನೂ ಉಗುಳಿತು. ಅವರನ್ನು ಬೈಯಲು ಬಾಯಿ ತೆರೆದೆ. ಇಷ್ಟು ದಿನ ಒಂದು ಸಲವಾದರೂ ಒಂದು ಫ್ಲಾಪಿ ತೆರೆಯುತ್ತದೆಯೇ ಎಂದು ನಾನು ನೋಡಿದ್ದೆನೆ? ಬಾಯಿ ಮುಚ್ಚಿಕೊಂಡೆ.

ಹುಬ್ಬಳ್ಳಿಯ ತರಬೇತಿಯವನಿಗೆ ಫೋನ್ ಹಚ್ಚಿದೆ.

"ಅಳಬ್ಯಾಡ್ರಿ ಅಕ್ಕಾರ," ಎಂದ. "ಅದ ಹೆಸರಿಂದು, ಬಾಲಕ್ಕ ಬಿ.ಎ.ಕೆ. ಅಂತ ಒಂದು ಕಡತ ಐತೇನು ನೋಡ್ರಿ."

"ಐತ್ರಿ. ಅದು ಕಸ ಅಲ್ರಿ?"

"ಕಸ ಏನ್ರಿ! ನೀವು ಸೇವ್ ಮಾಡಿದಾಗೊಮ್ಮೆ ಅದು ಹಿಂದಿನ ನಕಾಶಿ ಎತ್ತಿ ಇಟ್ಟಿರತೈತಿ. ಬಾಲ ಬದಲ ಮಾಡಿ ತಗೀರಿ. ಅಲ್ಲಾ, ನೀವೇನರ ಅವನ್ನ ಅಳಿಸ್ತಿದ್ರೇನು?"

"ಛೆ ಛೆ," ಎಂದೆ.

ಶನಿವಾರದ ಕಸ ಗುಡಿಸುವ ವೇಳೆ ಇನ್ನೂ ಆಗಿರಲಿಲ್ಲ. ಅಷ್ಟೇ ನನ್ನ ಪುಣ್ಯ. ಬಾಲ ಬದಲಿಸಿ ಒತ್ತಿದೆ. ಕಪ್ಪು ಪರದೆಯ ಮೇಲೆ ಮೊದಲು ದೊಡ್ಡ ರಸ್ತೆ ಮೂಡಿತು. ಆಮೇಲೆ ಓಣಿಗಳು, ಸಾಲೆ, ಬಾವಿ, ಒಂದೊಂದಾಗಿ ಮನೆಗಳು. ನಿಡೋಣಿಯವರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು. ಯಾರೂ ಕೇಳದೆ, ಯಾರಿಗೂ ಹೇಳದೆ ಈ ಯಂತ್ರ ದಿನವೂ ನಿನ್ನೆಯನ್ನು ಎತ್ತಿಡುತ್ತಿತ್ತು. ಶನಿವಾರಕ್ಕೊಮ್ಮೆ ನಾನು ಗುಡಿಸಿ ಚೆಲ್ಲುತ್ತಿದ್ದೆ. ಆದರೂ ಅದು ಬೇಸರಿಸಿರಲಿಲ್ಲ.

ಉಳಿದ ದಿನವೆಲ್ಲ ನಕಾಶೆಯನ್ನು ಕಾಗದಕ್ಕಿಳಿಸುವ ಪ್ಲಾಟರ್ ಯಂತ್ರದ ಮುಂದೆ ಕಳೆಯಿತು. ಅದು ತಾನೇ ಪೆನ್ನು ಎತ್ತಿಕೊಂಡು, ಗೆರೆ ಎಳೆದು, ಪೆನ್ನು ಬದಲಿಸುವುದನ್ನು ನೋಡುತ್ತ ಕೂತೆ. ಆ ಬೆರಗಿನಲ್ಲಿ ಒಂದು ಮಾತು ಪೂರ್ತಿ ಮರೆತುಹೋಯಿತು. ನೆನಪಾದದ್ದು ಸೋಮವಾರ, ಸಾಲೆಯ ಗೋಡೆಗೆ ನಕಾಶೆ ಹಚ್ಚಿ, ಜನ ಮುತ್ತಿಕೊಂಡಾಗ. ಯಂತ್ರ ಎತ್ತಿಟ್ಟದ್ದು ಮಲ್ಲಪ್ಪನ ಹೆಸರು ಸರಿಸುವುದಕ್ಕೂ ಹಿಂದಿನ ನಕಾಶೆ! ಈರಪ್ಪನ ಬೆರಳು ನಲವತ್ತೊಂದನ್ನು ಮುಟ್ಟಿ, ಮೆಲ್ಲಗೆ ನಲವತ್ತೆರಡಕ್ಕೆ ಸರಿದು ನಿಂತಿತು.

"ಬಾಯಾರ, ನನ್ನ ಮಾತು ಆ ಮಷೀನಿಗೆ ಹೇಳಿದ್ರಿಲ್ರಿ?"

"ಹೇಳಿದ್ನ್ರಿ," ಎಂದೆ. ಸುಳ್ಳಲ್ಲ.

"ಹೇಳಿದ ಮ್ಯಾಲೂ ಹಿಂಗ ತಗೀತಾ?"

ಅವನ ಹಿಂದಿನಿಂದ ಮಲ್ಲಪ್ಪ ಅಂದ: "ನಾನೂ ಹೇಳಿದ್ನ್ಯಲ್ರಿ ಬಾಯಾರ!"

ಈರಪ್ಪ ತಿರುಗಿದ. "ನೀನೂ ಹೇಳಿದ್ಯೇನಲೇ?"

"ಹೂಂ. ನೀ ಹೇಳಿದ್ಯೇನು?"

"ಹೂಂ."

ಒಂಬತ್ತು ವರ್ಷಗಳಲ್ಲಿ ಅವರು ಆಡಿದ ಮೊದಲ ಮಾತು ಅದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಿಜ ಹೇಳಲೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಈರಪ್ಪ ನಕಾಶೆಯನ್ನು ಮತ್ತೊಮ್ಮೆ ದಿಟ್ಟಿಸಿ, "ಇಬ್ಬರೂ ಬ್ಯಾಡ ಅಂದ ಮ್ಯಾಲೂ ಕೂಡಿಸೇತಿ ಅಂದ್ರ, ಅದಕ್ಕೇನೋ ತಿಳಿದೈತಿ. ಇರ್ಲಿ ಬಿಡೋ ತಮ್ಮಾ," ಎಂದ. ಮಲ್ಲಪ್ಪ ತಲೆ ತಗ್ಗಿಸಿ, ತಲೆಗೆ ಸುತ್ತಿದ ಪಟಕದ ಸೆರಗಿನಿಂದ ಮೂಗು ಒರೆಸಿಕೊಂಡ.

ಸರಿಮಾಡಿಕೊಂಡ ಗಂಟಲನ್ನು ನಾನು ಹಾಗೆಯೇ ಬಿಟ್ಟೆ.

ಮುಂದಿನ ವಾರ ಅಣ್ಣ ತಮ್ಮ ಒಂದೇ ಬಸ್ಸಿಗೆ ಜಮಖಂಡಿಗೆ ಬಂದರು, ಕಾಯಿ ಮತ್ತು ಚೆಂಡುಹೂವಿನ ಹಾರ ಹಿಡಿದುಕೊಂಡು. ಸಾಹೇಬರು ಎಲ್ಲರ ಎದುರು, "ಮಷೀನು ತಪ್ಪು ಮಾಡಂಗಿಲ್ರಿ, ಮಾಡೋರು ಮನಶ್ಯಾರು," ಎಂದು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಹದಿನೆಂಟು ವರ್ಷ ನೆಟ್ಟಗೆ ಗೆರೆ ಎಳೆದಾಗ ಒಬ್ಬರೂ ಕೈ ಮುಗಿದಿರಲಿಲ್ಲ. ಒಂದು ದಿನ ಮರೆತದ್ದಕ್ಕೆ ಹಾರ ಬಂತು, ಅದೂ ಕಂಪ್ಯೂಟರಿಗೆ. ಎಸಳು ಉದುರಿ ಅದರ ಹಿಂದಿನ ಕಿಂಡಿಗಳಲ್ಲಿ ಬೀಳದಂತೆ, ಮಂಗಳಾರತಿ ಮುಗಿಯುವ ತನಕ ಆ ಹಾರವನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತವಳು ನಾನು.