ಮುಕ್ಕಣ್ಣನ ರಜೆ

ಎಲ್ಲಕ್ಕೂ ಮೂಲ, ಮ್ಯಾನೇಜರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೇಳಿದ ಒಂದು ಮಾತು. "ನೋಡ್ರಪ್ಪಾ, ಒಬ್ಬೊಬ್ಬರ ಮೇಜಿಗೂ ಕರೆಂಟ್ ಮೀಟರ್ ಹಾಕ್ಸಿದೀನಿ. ಇವತ್ತು ಯಾರ ಮೇಜು ಎಲ್ಲಕ್ಕಿಂತ ಕಮ್ಮಿ ಕರೆಂಟ್ ತಿನ್ನುತ್ತೋ, ಅವರಿಗೆ ನಾಳೆ ರಜೆ."

ಮುಕ್ಕಣ್ಣನ ಕಿವಿ ನೆಟ್ಟಗಾಯಿತು. ಕಂಪ್ಯೂಟರಿಗೆ ಮೂರು ಪರದೆ ಇಟ್ಟುಕೊಂಡು ಪ್ರೋಗ್ರಾಂ ಬರೆಯುತ್ತಿದ್ದುದಕ್ಕೆ ಆಫೀಸು ಅವನಿಗಿಟ್ಟ ಹೆಸರು ಅದು. ಭೂಮಿ ಬಿಸಿಯಾಗುತ್ತಿದೆ ಎಂದು ಮ್ಯಾನೇಜರು ವರ್ಷವಿಡೀ ಕೊರೆದಾಗ ಆಕಳಿಸಿದವನು, ಈಗ ಒಂದೇ ಏಟಿಗೆ ಎರಡು ಪರದೆ ಆರಿಸಿದ. ನಾಳೆ ಬೆಳಿಗ್ಗೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಹೋದ ವರ್ಷ ಅವಳು ಬಂಡೆಯಾಗಿದ್ದಾಗ ಅಪ್ಪ ಬಂದಿರಲಿಲ್ಲ. ಬಂಡೆ ವೇದಿಕೆಯ ಮೇಲೇ ಅತ್ತುಬಿಟ್ಟಿತ್ತು. ರಜೆ ಕೇಳಿದರೆ ಮ್ಯಾನೇಜರು "ಕೆಲಸ ಮುಗೀಲಿ" ಎನ್ನುತ್ತಿದ್ದರು. ಕೆಲಸವೋ, ಮುಗಿಯುವ ಜಾತಿಯದಲ್ಲ.

ಉಳಿದೊಂದು ಪರದೆಯ ಬೆಳಕನ್ನೂ ತಗ್ಗಿಸಿದ. ಬಾವಿಗೆ ಇಣುಕುವವನಂತೆ ಬಗ್ಗಿ ಕೂತರೂ ಅಕ್ಷರ ಕಾಣಲಿಲ್ಲ. ಆ ಕತ್ತಲಲ್ಲಿ ಹೆಂಡತಿಗೆ ಬರೆದ "ನಿನ್ನಾಣೆ, ನಾಳೆ ಬಂದೇ ಬರ್ತೀನಿ ಚಿನ್ನ" ಎಂಬುದು ಗಿರಾಕಿಯೊಬ್ಬರಿಗೆ ಹೋಯಿತು. "ಸಂತೋಷ, ಆದರೆ ಯಾಕೆ?" ಎಂದು ಅವರು ಉತ್ತರಿಸಿದರು.

ಅಷ್ಟರಲ್ಲಿ ಮೀಟರಿನ ಅಂಕಿ ದಡದಡನೆ ಏರತೊಡಗಿತು. ಗಾಬರಿಯಿಂದ ಮೇಜಿನಡಿ ತೂರಿ ನೋಡಿದರೆ, ಪಕ್ಕದ ಮೇಜಿನ ಅಕ್ಕನ ಕೆಟಲ್ ಅವನ ಪ್ಲಗ್ಗಿನಲ್ಲಿ ನೀರು ಕಾಯಿಸುತ್ತಿತ್ತು.

"ಅಕ್ಕಾ, ಇದೇನಿದು?"

"ನನ್ನ ಮೀಟರ್ ಏರತ್ತಲ್ಲಪ್ಪಾ, ಅದಕ್ಕೆ," ಎಂದರು ಅಕ್ಕ ತಣ್ಣಗೆ.

ಏರಿದ್ದನ್ನು ಸರಿದೂಗಿಸಲು ಮುಕ್ಕಣ್ಣ ಕಂಪ್ಯೂಟರನ್ನೇ ಆರಿಸಿ ಊಟಕ್ಕೆ ಹೋದ. ಎಲ್ಲರ ಪ್ರೋಗ್ರಾಂಗಳ ಪರೀಕ್ಷೆ ಅದರಲ್ಲೇ ನಡೆಯುತ್ತಿತ್ತೆಂಬುದು ಮರೆತೇಹೋಗಿತ್ತು. ವಾಪಸು ಬಂದರೆ ಇಡೀ ಆಫೀಸು ಅವನ ಮೇಜಿನ ಸುತ್ತ ನಿಂತಿತ್ತು. ಮ್ಯಾನೇಜರ ಮುಖ ಕೆಂಡವಾಗಿತ್ತು.

"ಯಾಕ್ರೀ ಆರಿಸಿದ್ರಿ?"

ಕೆಟಲಿನ ಋಣ ತೀರಿಸಲು ಅಕ್ಕ ನಡುವೆ ಬಾಯಿ ಹಾಕಿದರು. "ಬೈಬೇಡಿ ಸಾರ್. ಭೂಮಿ ಅಂದ್ರೆ ಪ್ರಾಣ ಬಿಡ್ತಾರೆ ಇವ್ರು. ರಜೆ ಗಿಜೆ ಏನೂ ಬೇಕಿಲ್ಲ ಇವ್ರಿಗೆ, ಬರೀ ಪರಿಸರದ ಕಾಳಜಿ."

ಮ್ಯಾನೇಜರ ಕಣ್ಣು ಒದ್ದೆಯಾಯಿತು. ವರ್ಷವಿಡೀ ಕೊರೆದದ್ದು ಒಬ್ಬನ ತಲೆಗಾದರೂ ಹೋಯಿತಲ್ಲ ಎಂದು ಅವರಿಗೆ ನಿಜಕ್ಕೂ ಸಂತೋಷವಾಗಿತ್ತು.

ಸಂಜೆ ಮೀಟರುಗಳನ್ನು ನೋಡಿದರೆ ಮುಕ್ಕಣ್ಣನದೇ ಎಲ್ಲಕ್ಕಿಂತ ಕಮ್ಮಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಆಗಲೇ ಮನೆಗೆ ಫೋನು ಮಾಡಿ, ಅಪ್ಪ ಮೊದಲ ಸಾಲಿನಲ್ಲೇ ಕೂರುತ್ತಾನೆಂದು ಮರಕ್ಕೆ ಮಾತು ಕೊಟ್ಟುಬಿಟ್ಟ. ಮರ ಆ ಕಡೆ ಕುಣಿದಾಡುವ ಸದ್ದು ಕೇಳಿಸಿತು.

ಮ್ಯಾನೇಜರು ಅವನ ಹೆಗಲ ಮೇಲೆ ಕೈ ಹಾಕಿದರು. "ನಾಳೆ ಬೆಳಿಗ್ಗೆ ಉಳಿದ ಶಾಖೆಯವರನ್ನೂ ಕರೆಸಿದೀನಿ. ನಿಮಗೆ ಈ ಪ್ರೇರಣೆ ಎಲ್ಲಿಂದ ಬಂತು ಅಂತ ನೀವೇ ಎಲ್ಲರಿಗೂ ಹೇಳ್ಬೇಕು."

"ಸಾರ್, ನಾಳೆ ನಂಗೆ ರಜೆ ಅಲ್ವಾ?"

"ಅದೇ ಒಳ್ಳೇದಾಯ್ತು ನೋಡಿ," ಎಂದರು ಮ್ಯಾನೇಜರು. "ಕೆಲಸದ ತಾಪತ್ರಯ ಇರಲ್ಲ. ಸಂಜೆ ತನಕ ಮಾತಾಡ್ಬಹುದು."